ಬೀಡು ಕಬ್ಬಿಣದ ಬೆಂಚಿನ ಮೇಲೊಂದು ತೇದಿ

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಶಾಸನ ಓದೋದು ಭಾನುವಾರದ ಹುಚ್ಚು. ಎರಡೂ ಒಟ್ಟಿಗೆ ಬೇಕಾದ ಒಂದು ಪ್ರಸಂಗ ಬಂತು, ಅದರಲ್ಲಿ ನಾನು ಎಡವಿದೆ.

ಇಂಗ್ಲೆಂಡಿನಲ್ಲಿರುವ ಗೆಳೆಯನೊಬ್ಬ ಅಲ್ಲಿನ ಹಳೇ ಸಾಮಾನಿನ ಅಂಗಡಿಯಲ್ಲಿ ತೋಟದ ಬೆಂಚು ನೋಡಿದ್ದ. ಬೀಡು ಕಬ್ಬಿಣದ ಎರಕ, ಒರಗುವ ಭಾಗದ ತುಂಬ ಜರೀಗಿಡದ ಎಲೆ, ನಡುವೆ ಬ್ಲ್ಯಾಕ್‌ಬೆರಿ ಹಣ್ಣು. ಹಿಂಬದಿಯ ಗುರುತಿನ ಫೋಟೋ ಕಳಿಸಿ, "ಶಾಸನ ಓದ್ತೀಯಲ್ಲ ಮಾರಾಯ, ಇದನ್ನೂ ಓದಿ ಹೇಳು" ಅಂದ.

ಇದು ಶ್ರಾಪ್‌ಶೈರ್‌ನ ಕೋಲ್‌ಬ್ರೂಕ್‌ಡೇಲ್ ಕಂಪನಿಯ ಪ್ರಸಿದ್ಧ ವಿನ್ಯಾಸ. 1709ರಲ್ಲಿ ಅಬ್ರಹಾಂ ಡಾರ್ಬಿ ಇದ್ದಿಲಿನ ಬದಲು ಕೋಕ್ ಉರಿಸಿ ಕಬ್ಬಿಣ ತೆಗೆದ ಊರು ಅದು. ವಿಕ್ಟೋರಿಯಾ ಕಾಲದಲ್ಲಿ ಅಲ್ಲಿಂದ ಬೆಂಚು, ಕಾರಂಜಿ, ಕೊಡೆ ಇಡುವ ಸ್ಟ್ಯಾಂಡು ಎಲ್ಲ ಬರುತ್ತಿದ್ದವು. 1851ರ ಮಹಾಪ್ರದರ್ಶನಕ್ಕೆ ಅವರು ಎರಕ ಹೊಯ್ದ ಗೇಟು ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸ್‌ನಲ್ಲಿ ಇಂದಿಗೂ ಇದೆ.

ಈಗ ಗುರುತಿಗೆ ಬರೋಣ. ವಿನ್ಯಾಸ ಕದಿಯದಂತೆ ನೋಂದಾಯಿಸಿದ ವಸ್ತುಗಳಿಗೆ ಬ್ರಿಟನ್ನಿನಲ್ಲಿ 1842ರಿಂದ 1883ರವರೆಗೆ ಇಸ್ಪೀಟಿನ ಡೈಮಂಡ್ ಆಕಾರದ ಮುದ್ರೆ ಇರುತ್ತಿತ್ತು. ಅದರ ನೆತ್ತಿಯ ಮೇಲಿನ ಸಣ್ಣ ವೃತ್ತದಲ್ಲಿ ರೋಮನ್ 1 ಇದ್ದರೆ ಲೋಹ. ಡೈಮಂಡಿನ ಮೇಲಿನ ಮೂಲೆಯ ಅಕ್ಷರ ವರ್ಷ, ಎಡದ್ದು ತಿಂಗಳು, ಬಲದ ಅಂಕಿ ದಿನ, ಕೆಳಗಿನದು ಕಟ್ಟಿನ ಸಂಖ್ಯೆ. ಅಕ್ಷರಗಳಿಗೆ ವರ್ಣಮಾಲೆಯ ಕ್ರಮವಿಲ್ಲ: ಎಕ್ಸ್ ಎಂದರೆ 1842, ಎಚ್ 1843, ಸಿ 1844. ಇಪ್ಪತ್ತಾರು ಅಕ್ಷರ 1867ಕ್ಕೆ ಮುಗಿದವು. ಆಮೇಲೆ? ಅರವತ್ತು ವರ್ಷಕ್ಕೆ ಸಂವತ್ಸರದ ಹೆಸರು ಮರಳಿದ ಹಾಗೆ, 1868ಕ್ಕೆ ಮತ್ತೆ ಎಕ್ಸ್! ನಮ್ಮಲ್ಲಿ ಶಕವರ್ಷ ಇಲ್ಲದೆ ಬರೀ ಸಂವತ್ಸರ ಸಿಕ್ಕರೆ ಆಗುವ ಫಜೀತಿ ಇಲ್ಲಿ ಆಗಬಾರದೆಂದು ಜಾಗ ಬದಲಿಸಿದರು. ವರ್ಷ ಬಲಕ್ಕೆ ಹೋಯಿತು, ದಿನ ಮೇಲಕ್ಕೆ, ತಿಂಗಳು ಕೆಳಕ್ಕೆ. ಹಾಗಾಗಿ ಮೊದಲು ಮೇಲಿನ ಮೂಲೆ ನೋಡಿ. ಅಕ್ಷರವಿದ್ದರೆ ಹಳೆಯ ಸರಣಿ, ಅಂಕಿ ಇದ್ದರೆ ಹೊಸದು.

ಗೆಳೆಯನ ಬೆಂಚಿನಲ್ಲಿ ಮೇಲೆ ಬಿ, ಎಡಕ್ಕೆ ಎಚ್. ಬಲದ ಅಂಕಿ ಮಸುಕಾಗಿತ್ತು. ಬಿ ಎಂದರೆ 1858, ತಿಂಗಳ ಜಾಗದಲ್ಲಿ ಎಚ್ ಎಂದರೆ ಏಪ್ರಿಲ್. "1858ರ ಬೆಂಚು, ತಗೋ" ಎಂದುಬಿಟ್ಟೆ. ಅವನು ದೊಡ್ಡ ಮೊತ್ತವನ್ನೇ ಕೊಟ್ಟು ತಗೊಂಡ.

ಮರುವರ್ಷ ಕೆಲಸದ ಮೇಲೆ ಹೋದಾಗ ಅದರ ಮೇಲೆ ಕೈಯಾಡಿಸಿದೆ. ಎಲೆಯ ನರಗಳು ಸೋಪು ಸವೆದ ಹಾಗೆ ನುಣುಪು. ಬೋಲ್ಟುಗಳು ಮೆಟ್ರಿಕ್. ಬೋಲ್ಟನ್ನು ಯಾರಾದರೂ ಆಮೇಲೆ ಬದಲಿಸಿರಬಹುದು, ಅದೊಂದೇ ಸಾಕ್ಷಿ ಸಾಲದು. ಅವನ ಪರಿಚಯದವರ ತೋಟದಲ್ಲಿ ತಲೆಮಾರುಗಳಿಂದ ಇದ್ದ ಇದೇ ಮಾದರಿಯ ಬೆಂಚಿಗೆ ಟೇಪು ಹಿಡಿದೆವು. ಎಲೆಯ ತುದಿಯಿಂದ ತುದಿಗೆ ಅಲ್ಲಿ 900 ಮಿ.ಮೀ., ಇವನದರಲ್ಲಿ 891.

ಅಲ್ಲಿಗೆ ಮುಗಿಯಿತು. ಬೀಡು ಕಬ್ಬಿಣ ಆರುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಪ್ಯಾಟರ್ನ್ ಮಾಡುವವರು ಅದಕ್ಕೇ ಬೇರೆ ಅಳತೆಪಟ್ಟಿ ಇಟ್ಟುಕೊಂಡು ಮರದ ಮಾದರಿಯನ್ನು ಆ ಲೆಕ್ಕದಲ್ಲಿ ದೊಡ್ಡದಾಗಿ ಕೆತ್ತುತ್ತಾರೆ. ಹಳೆಯ ಬೆಂಚನ್ನೇ ಮರಳಿಗೆ ಒತ್ತಿ ಎರಕ ಹೊಯ್ದರೆ ಹೆಚ್ಚುವರಿ ಇರುವುದಿಲ್ಲ, ಮರಿ ತಾಯಿಗಿಂತ ಚಿಕ್ಕದಾಗುತ್ತದೆ. ಮುದ್ರೆಯೂ ಎಲೆಗಳ ಜೊತೆ ಅಚ್ಚಾಗಿ ಬಂದುಬಿಡುತ್ತದೆ.

ಗಂಗರ ತಾಮ್ರಪಟಗಳ ಬಗ್ಗೆ ಫ್ಲೀಟ್ ಮತ್ತು ರೈಸ್ ನಡುವೆ ನಡೆದ ವಾದ ನಿಮಗೆ ಗೊತ್ತೇ ಇದೆ. ಕೂಟಶಾಸನವನ್ನು ಎಷ್ಟೋ ಸಲ ಲಿಪಿಯೇ ಹಿಡಿದುಕೊಡುತ್ತದೆ, ಯಾಕಂದರೆ ಅದನ್ನು ಇನ್ನೊಂದು ಕೈ ಹೊಸದಾಗಿ ಕೊರೆದಿರುತ್ತದೆ. ಇಲ್ಲಿ ಆ ದಾರಿ ಇಲ್ಲ. ಅಕ್ಷರ ಅಸಲಿಯದೇ ನೆರಳು, ಲಿಪಿಯಲ್ಲಿ ತಪ್ಪು ಹುಡುಕಿದರೆ ಸಿಗಲ್ಲ. ಫೋಟೋ ನೋಡಿ ಓದುವವನಿಗಂತೂ ಸಿಗೋದೇ ಇಲ್ಲ.

ಇನ್ನೊಂದು ಮಾತು. ನಕಲಲ್ಲದಿದ್ದರೂ ಈ ತೇದಿ ವಿನ್ಯಾಸ ನೋಂದಾಯಿಸಿದ ದಿನದ್ದು, ಎರಕ ಹೊಯ್ದ ದಿನದ್ದಲ್ಲ. ಇದೇ ಬೆಂಚು ಕಂಪನಿಯ 1875ರ ಕ್ಯಾಟಲಾಗಿನಲ್ಲೂ ಇದೆ. "1858ಕ್ಕಿಂತ ಹಿಂದಿನದಲ್ಲ" ಎಂದಷ್ಟೇ ನಾನು ಹೇಳಬೇಕಿತ್ತು.

ಗೆಳೆಯ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಈಗ ಯಾರಾದರೂ ಇಂಥ ಫೋಟೋ ಕಳಿಸಿದರೆ ಮೊದಲು ಅಯಸ್ಕಾಂತ ಹಿಡಿದು ನೋಡಿ ಅಂತೀನಿ (ಅಲ್ಯೂಮಿನಿಯಂ ನಕಲುಗಳೂ ಬೇಕಾದಷ್ಟಿವೆ), ಆಮೇಲೆ ಅಳತೆ ಕೇಳ್ತೀನಿ. ಮುದ್ರೆ ಓದೋದು ಕೊನೆಗೆ.