ಹೋಗಿ ಮರಳುವ ಲಾಳಿ

ಇಂಗ್ಲಿಷಿನ ‘ಶಟಲ್’ ಎಂಬ ಮಾತಿಗೆ ನೇಕಾರನ ಲಾಳಿ ಎಂದು ಅರ್ಥ. ಕೊಳ್ಳೇಗಾಲದ ರೇಷ್ಮೆ ಮಗ್ಗಗಳನ್ನು ಬಲ್ಲ ನಮ್ಮ ಅಗರ, ಯಳಂದೂರು ಸೀಮೆಯವರಿಗೆ ಲಾಳಿಯ ಗುಣವನ್ನು ವಿವರಿಸಬೇಕಾಗಿಲ್ಲ. ಹಾಸಿನ ಎಳೆಗಳ ನಡುವೆ ಅದು ಆ ಕಡೆಗೆ ಹೋಗುತ್ತದೆ, ಮರುಕ್ಷಣವೇ ಈ ಕಡೆಗೆ ಬರುತ್ತದೆ. ಒಂದೊಂದು ಹೊಕ್ಕಿಗೂ ಒಂದೊಂದು ಹೊಸ ಲಾಳಿಯನ್ನು ಮಾಡಿಸಬೇಕಾಗಿದ್ದರೆ ಸೀರೆಯನ್ನು ಕೊಳ್ಳುವುದು ಅರಸರಿಗೂ ಸಾಧ್ಯವಾಗುತ್ತಿರಲಿಲ್ಲ. ಆದರೆ ಬಾಹ್ಯಾಕಾಶಯಾನ ಬಹುಕಾಲ ನಡೆದುದು ಈ ಬಗೆಯಲ್ಲಿಯೇ.

ಉಪಗ್ರಹವನ್ನು ಹೊತ್ತ ರಾಕೆಟ್ಟೆಂದರೆ ಒಂದರ ಮೇಲೊಂದು ಕೂರಿಸಿದ ಹಂತಗಳ ಗೋಪುರ. ತಳದ ಹಂತ ಎಲ್ಲಕ್ಕಿಂತ ದೊಡ್ಡದು. ನೆಲದ ಸೆಳೆತವನ್ನೂ ದಟ್ಟವಾದ ಗಾಳಿಯನ್ನೂ ಎದುರಿಸಿ ಇಡೀ ಭಾರವನ್ನು ಮೇಲೆತ್ತುವುದು ಅದರ ಹೊಣೆ. ಎರಡು ಮೂರು ನಿಮಿಷಗಳಲ್ಲಿ ಆ ಕೆಲಸ ತೀರುತ್ತದೆ. ಅನಂತರ ಅದು ಕಳಚಿ ಕಡಲಿಗೆ ಬೀಳುತ್ತದೆ. ವರ್ಷಗಟ್ಟಲೆ ದುಡಿದು ಕಟ್ಟಿದ ಯಂತ್ರದ ಆಯುಸ್ಸು ಅಷ್ಟೇ.

ಇದನ್ನು ತಪ್ಪಿಸಲೆಂದೇ ಅಮೆರಿಕದವರು ತಮ್ಮ ವಾಹನಕ್ಕೆ ಲಾಳಿಯ ಹೆಸರನ್ನಿಟ್ಟರು. 1981ರಿಂದ 2011ರವರೆಗೆ ಅವರ ಶಟಲ್‌ಗಳು 135 ಬಾರಿ ಹಾರಿದವು. ಪಕ್ಕದ ಎರಡು ಘನ ಇಂಧನದ ರಾಕೆಟ್ಟುಗಳು ಪ್ಯಾರಾಚೂಟಿನಿಂದ ಅಟ್ಲಾಂಟಿಕ್ ಸಾಗರಕ್ಕೆ ಇಳಿಯುತ್ತಿದ್ದವು. ಹಡಗುಗಳು ಅವನ್ನು ಎಳೆದು ತರುತ್ತಿದ್ದವು. ಆದರೆ ಉಪ್ಪುನೀರಿನಲ್ಲಿ ಮಿಂದುದನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಬೇಕು. ವಿಮಾನದಂತಿದ್ದ ಮುಖ್ಯ ಭಾಗದ ಮೈಮೇಲಿನ ಸಾವಿರಾರು ಶಾಖನಿರೋಧಕ ಬಿಲ್ಲೆಗಳನ್ನು ಪರೀಕ್ಷಿಸಬೇಕು. ವಸ್ತು ಮರಳಿ ಬಂದಿತು, ನೆಚ್ಚಿದ ಮಿತವ್ಯಯ ಬರಲಿಲ್ಲ. ಹರಿದ ಪಂಚೆಯನ್ನು ಹೊಲಿಸುವ ಕೂಲಿ ಹೊಸ ಪಂಚೆಯ ಬೆಲೆಯನ್ನು ಮುಟ್ಟಿದರೆ ಗೃಹಸ್ಥನಿಗೆ ಉಳಿದುದೇನು?

ಈ ಪ್ರಶ್ನೆಗೆ ಬೇರೊಂದು ಉತ್ತರ ದೊರೆತುದು ಫಾಲ್ಕನ್-9ರಲ್ಲಿ. ಸ್ಪೇಸ್‌ಎಕ್ಸ್ ಎಂಬ ಅಮೆರಿಕದ ಕಂಪನಿಯ ಈ ರಾಕೆಟ್ಟಿನ ತಳದ ಹಂತದಲ್ಲಿ ಒಂಬತ್ತು ಎಂಜಿನ್ನುಗಳಿವೆ. ಕಳಚಿಕೊಂಡ ಮೇಲೆ ಅದು ಅಂತರಿಕ್ಷದ ಅಂಚಿನಲ್ಲಿ ಮಗುಚಿ, ಉಳಿಸಿಟ್ಟುಕೊಂಡ ಇಂಧನದಿಂದ ಕೆಲವು ಎಂಜಿನ್ನುಗಳನ್ನು ಮತ್ತೆ ಹೊತ್ತಿಸಿ ವೇಗವನ್ನು ತಗ್ಗಿಸುತ್ತದೆ. ಜಾಲರಿಯಂಥ ರೆಕ್ಕೆಗಳಿಂದ ದಿಕ್ಕನ್ನು ತಿದ್ದಿಕೊಳ್ಳುತ್ತದೆ. ಕೊನೆಯ ಗಳಿಗೆಯಲ್ಲಿ ನಾಲ್ಕು ಕಾಲುಗಳನ್ನು ಚಾಚಿ ನೆಲದ ಮೇಲೋ, ಕಡಲಿನಲ್ಲಿ ತೇಲುವ ನಾವಿಕರಿಲ್ಲದ ಹಡಗಿನ ಮೇಲೋ ನೆಟ್ಟಗೆ ನಿಲ್ಲುತ್ತದೆ. ಇದು ಪುಕ್ಕಟೆಯಲ್ಲ: ಹಿಂದಿರುಗಲು ಮೀಸಲಿಟ್ಟ ಇಂಧನದಿಂದಾಗಿ ಒಯ್ಯಬಹುದಾದ ಭಾರ ಅಷ್ಟು ಕಡಮೆಯಾಗುತ್ತದೆ. ದಾರಿಯ ಬುತ್ತಿಯಲ್ಲಿ ಮರುಪಯಣಕ್ಕೆಂದು ಒಂದು ಪಾಲನ್ನು ತೆಗೆದಿಟ್ಟಂತೆ.

ಅಂಥ ಹಂತವೊಂದು ಮೊದಲ ಬಾರಿಗೆ ನೆಲಕ್ಕಿಳಿದುದು 2015ರ ಡಿಸೆಂಬರ್ 21ರಂದು. ಜಗತ್ತು ಆ ದಿನವನ್ನು ಕೊಂಡಾಡಿತು. ನಾನಾದರೋ 2017ರ ಮಾರ್ಚ್ 30ನ್ನು ಹಿರಿದೆಂದು ಎಣಿಸುತ್ತೇನೆ. ಅಂದು, ಒಮ್ಮೆ ಹೋಗಿ ಬಂದಿದ್ದ ಹಂತವೇ ಎರಡನೆಯ ಬಾರಿ ಉಪಗ್ರಹವನ್ನು ಹೊತ್ತು ಏರಿತು. ಮರಳಿ ಬರುವುದು ಸಾಹಸ. ಮರಳಿ ಹೋಗುವುದು ಸಂಸಾರ.

ಇದು ನಮಗೆ ದೂರದ ಸಂಗತಿಯಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ನಿರ್ಮಿಸಿದ ಜಿಸ್ಯಾಟ್-ಎನ್2 ಉಪಗ್ರಹದ ತೂಕ 4,700 ಕಿಲೋಗ್ರಾಮ್. ಅದು ಏರಬೇಕಾಗಿದ್ದ ಕಕ್ಷೆಗೆ ನಮ್ಮ ಅತ್ಯಂತ ಬಲಿಷ್ಠ ವಾಹನವಾದ ಎಲ್‌ವಿಎಂ-3 ಒಯ್ಯಬಲ್ಲ ಭಾರ ಸುಮಾರು 4,000 ಕಿಲೋಗ್ರಾಮ್. ಆದಕಾರಣ 2024ರ ನವೆಂಬರ್ 19ರಂದು, ಹಿಂದೆ ಹಲವು ಬಾರಿ ಹಾರಿದ್ದ ಫಾಲ್ಕನ್ ಹಂತವೊಂದು ಅದನ್ನು ಅಮೆರಿಕದ ನೆಲದಿಂದ ಹೊತ್ತೊಯ್ದಿತು. ಬಟ್ಟೆ ನಮ್ಮದು, ಲಾಳಿ ಪರರದು.

ನಮ್ಮ ಲಾಳಿಗಾಗಿ ಪ್ರಯತ್ನ ನಡೆದಿರುವುದು ನಮ್ಮ ನಾಡಿನ ಬಯಲುಸೀಮೆಯಲ್ಲಿಯೇ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋ ಸಂಸ್ಥೆ ರೆಕ್ಕೆಯುಳ್ಳ ‘ಪುಷ್ಪಕ್’ ಎಂಬ ವಾಹನವನ್ನು ಮೂರು ಸಲ ಇಳಿಸಿ ನೋಡಿತು. ಇದು ತಳದ ಹಂತವಲ್ಲ. ಮೇಲಿನಿಂದ ಮರಳುವ ವಿದ್ಯೆಯನ್ನು ಕಲಿಯಲು ಮಾಡಿದ ಪ್ರಯೋಗವಾಹನ. 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ವಾಯುಪಡೆಯ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಮೂರನೆಯ ಸಲ ಬೇಕೆಂದೇ ಅದನ್ನು ಓಡುದಾರಿಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಡಲಾಗಿತ್ತು. ಚಾಲಕನಿಲ್ಲದ ವಾಹನ ತಾನೇ ದಾರಿಯನ್ನು ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲವನ್ನು ಮುಟ್ಟಿ, ಪ್ಯಾರಾಚೂಟು ಮತ್ತು ಬ್ರೇಕುಗಳ ನೆರವಿನಿಂದ ನಿಂತಿತು. ಮುಖ್ಯ ಮಾತೆಂದರೆ, ಮೂರನೆಯ ಸಲ ಇಳಿದುದು ಎರಡನೆಯ ಸಲ ಇಳಿದಿದ್ದ ಒಡಲೇ. ರಾಮನನ್ನು ಅಯೋಧ್ಯೆಗೆ ಮುಟ್ಟಿಸಿ ಕುಬೇರನಲ್ಲಿಗೆ ಹಿಂದಿರುಗಿದ ವಿಮಾನದ ಹೆಸರು ಇದಕ್ಕೆ ಒಪ್ಪುತ್ತದೆ.

ಉಳಿತಾಯದ ಲೆಕ್ಕ ಬರೆಯುವಾಗ ಖರ್ಚಿನ ಪುಟವನ್ನು ಮುಚ್ಚಿಡಬಾರದು. ಆ ಓಡುದಾರಿಯಿರುವುದು ಅಮೃತಮಹಲ್ ಕಾವಲಿನ ನೆಲದಲ್ಲಿ. ದನ, ಕುರಿಗಳನ್ನು ಮೇಯಿಸುತ್ತಿದ್ದ ಹಳ್ಳಿಗರ ಅಹವಾಲು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಯಂತ್ರವನ್ನು ಮರಳಿ ಪಡೆಯುವ ಜಾಣ್ಮೆಯುಳ್ಳವರು, ಒಮ್ಮೆ ಕಳೆದುಹೋದ ಹುಲ್ಲುಗಾವಲು ಹಾಗೆ ಮರಳುವುದಿಲ್ಲವೆಂಬುದನ್ನು ನೆನೆಯಬೇಕು.

2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಹೊಸ ಉಡಾವಣಾ ವಾಹನವೊಂದಕ್ಕೆ ಒಪ್ಪಿಗೆ ಕೊಟ್ಟಿತು. ಭೂಮಿಗೆ ಸಮೀಪದ ಕಕ್ಷೆಗೆ 30 ಟನ್ನಿನವರೆಗೆ ಒಯ್ಯಬೇಕಾದ ಅದರ ತಳದ ಹಂತ ಮತ್ತೆ ಬಳಸುವಂಥದ್ದಾಗಬೇಕೆಂಬುದು ಸಂಕಲ್ಪ. ಅದು ಹಾರಿ ಇಳಿದ ದಿನ ನಾವೆಲ್ಲ ಚಪ್ಪಾಳೆ ತಟ್ಟೋಣ. ಆದರೆ ಅದೇ ಹಂತ ಎಷ್ಟು ಬೇಗ, ಎಷ್ಟು ಕಡಮೆ ದುರಸ್ತಿಯಿಂದ ಮತ್ತೆ ಏರಿತೆಂದು ಕೇಳುವುದನ್ನು ಮರೆಯದಿರೋಣ. ಬಡ ದೇಶವೊಂದರ ಕಷ್ಟಾರ್ಜಿತ ಹಣ ಉಳಿಯುವುದೂ ವ್ಯಯವಾಗುವುದೂ ಆ ಎರಡನೆಯ ಪಯಣದಲ್ಲಿ.