ಆಗುಂಬೆಯ ಹಸುರನ್ನು ಗಣಕಯಂತ್ರವು ವಿಂಗಡಿಸುವ ಬಗೆ

ಆಗುಂಬೆಯ ಘಾಟಿಯನ್ನು ವಿಮಾನದಿಂದ ನೋಡಿದವರಿಗೆ ಕಾಣುವುದು ಹಸುರೊಂದೇ. ಅದರಲ್ಲಿ ನಿತ್ಯಹರಿದ್ವರ್ಣದ ಕಾಡೆಷ್ಟು, ಕಣಿವೆಯ ಅಡಕೆಯ ತೋಟವೆಷ್ಟು? ಇಂಥ ಎಣಿಕೆಯನ್ನು ಈಗ ಗಣಕಯಂತ್ರಕ್ಕೆ ಒಪ್ಪಿಸುವುದುಂಟು.

ಮೊದಲು ಛಾಯಾಚಿತ್ರವನ್ನು ನಕ್ಷೆಯ ಮೇಲೆ ಕೂರಿಸಬೇಕು. ಧ್ರುವಸಮುದ್ರದ ಮಂಜುಗಡ್ಡೆಯನ್ನು ಇದೇ ರೀತಿಯಲ್ಲಿ ವಿಂಗಡಿಸುವವರಿಗೆ ಈ ಹಂತ ಸುಲಭ. ಅದು ಬಹುಮಟ್ಟಿಗೆ ಸಮತಲ. ಘಾಟಿಯಲ್ಲಿ ಹಾಗಲ್ಲ. ನೇರವಾಗಿ ಕೆಳಮುಖವಾಗಿ ತೆಗೆದ ಚಿತ್ರದಲ್ಲಿಯೂ ಗುಡ್ಡದ ನೆತ್ತಿಯು ಚಿತ್ರಮಧ್ಯದಿಂದ ಹೊರಕ್ಕೆ ವಾಲಿದಂತೆ ಮೂಡುತ್ತದೆ. ಆದುದರಿಂದ ಪ್ರೋಗ್ರಾಮು ಎಂಬ ಆದೇಶಮಾಲೆಯು ಒಂದೊಂದು ಬಿಂದುವಿನ ಎತ್ತರವನ್ನೂ ಲೆಕ್ಕಕ್ಕೆ ಹಿಡಿದು, ಅದನ್ನು ಸ್ವಸ್ಥಾನಕ್ಕೆ ಸರಿಸುತ್ತದೆ.

ಅನಂತರ ವರ್ಗೀಕರಣ. ಎಲೆಯು ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಧಾರಾಳವಾಗಿ ಹಿಂದಿರುಗಿಸುತ್ತದೆ. ನೀರು ಅವನ್ನು ನುಂಗಿಬಿಡುತ್ತದೆ. ಹೀಗೆ ಕೆರೆ, ಬರಿನೆಲ, ಗಿಡಮರಗಳು ಬೇರ್ಪಡುವುವು. ಆದರೆ ಕಾಡು, ತೋಟ ಎರಡರಲ್ಲೂ ಇರುವುದು ಮರಗಳೇ! ಅವನ್ನು ಬೇರ್ಪಡಿಸಲು ಅಡಕೆಯ ಸಾಲುಗಳ ಕ್ರಮವನ್ನು ನೋಡಬೇಕು. ಸ್ಥಳಕ್ಕೆ ನಡೆದುಹೋಗಿ ಗುರುತಿಸಿದ ಮಾದರಿಗಳನ್ನು ಯಂತ್ರಕ್ಕೆ ಮೊದಲೇ ತೋರಿಸಿರಬೇಕು.

ಇದು ಬರಿಯ ಕುತೂಹಲದ ಮಾತಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ವ್ಯಾಖ್ಯೆಯಂತೆ, ಮರಗಳ ಮೇಲ್ಚಾವಣಿ ಶೇಕಡ 10ಕ್ಕೂ ಹೆಚ್ಚಿರುವ, 1 ಹೆಕ್ಟೇರಿಗೂ ಮೀರಿದ ಭೂಮಿಯೆಲ್ಲವೂ, ಮರದ ಜಾತಿ ಯಾವುದೇ ಆಗಿರಲಿ, ಅರಣ್ಯಾವರಣವೇ. ಕಾಡು ತೋಟವಾದರೂ ಅಂಕಿ ಕದಲದಿರಬಹುದು. ಆದರೆ ಮರದಿಂದ ಮರಕ್ಕೆ ನೆಗೆದು ಬಾಳುವ ಸಿಂಗಳೀಕಕ್ಕೆ ತೋಟವು ಕಾಡಾಗದು.

ಮಳೆಗಾಲದಲ್ಲಂತೂ ಮೋಡ ಕವಿದು ಚಿತ್ರವೇ ದೊರೆಯದು. ಅದಕ್ಕೆ ರೇಡಾರ್ ಉಪಾಯ. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ನಿಸಾರ್ ಉಪಗ್ರಹದ ಸುಮಾರು 24 ಸೆಂಟಿಮೀಟರಿನ ಅಲೆಗಳು ಮೋಡವನ್ನು ಹಾಯ್ದು, ಎಲೆಗಳ ನಡುವೆ ನುಸುಳಿ, ಕೊಂಬೆಕಾಂಡಗಳಿಗೆ ತಾಗಿ ಹಿಂದಿರುಗುತ್ತವೆ.