ಕಡಲ ನಂಬರು, ಬೋಟಿನ ಅತಿಥಿ

ಅಮೆರಿಕದ ಅಲಬಾಮಾ ರಾಜ್ಯಕ್ಕಿರುವ ಕಡಲತೀರ ತೀರಾ ಚಿಕ್ಕದು. ಎದುರಿನ ಮೆಕ್ಸಿಕೊ ಕೊಲ್ಲಿಯ ತಳವೋ ಬಹುಪಾಲು ಬರೀ ಮರಳು. ಆಸರೆಯಿಲ್ಲದ ಕಡೆ ರೆಡ್ ಸ್ನ್ಯಾಪರ್‌ನಂಥ ಮೀನು ನೆಲೆ ನಿಲ್ಲದು. ಅದಕ್ಕೇ 1953ರಲ್ಲಿ ಆರೆಂಜ್ ಬೀಚ್ ಊರಿನ ಬೋಟಿನವರು 250 ಹಳೆಯ ಕಾರುಗಳ ಒಡಲನ್ನು ಸಮುದ್ರಕ್ಕೆ ಇಳಿಸಿದರು. ಅದರ ಮೇಲೆ ಪಾಚಿ ಬೆಳೆಯಿತು, ಚಿಪ್ಪುಜೀವಿಗಳು ಅಂಟಿಕೊಂಡವು, ಹಿಂದೆಯೇ ಮೀನು ಬಂತು. ಮುಂದೆ ಕಾಂಕ್ರೀಟು ಬಂತು. 1990ರ ದಶಕದಲ್ಲಿ ಸೇನೆಯ ಹಳೆಯ ಟ್ಯಾಂಕುಗಳೂ ತಳ ಸೇರಿದವು. ಈಗ ಅಲ್ಲಿ ಸಾವಿರಕ್ಕೂ ಹೆಚ್ಚು ಚದರ ಮೈಲಿ ಕಡಲು ಇಂಥ ಕೃತಕ ಬಂಡೆಗಳಿಗೆ ಮೀಸಲು. ಪರವಾನಗಿ ಪಡೆದು ತನ್ನದೇ ಖರ್ಚಿನಲ್ಲಿ ಒಂದು ಬಂಡೆ ಇಳಿಸಲು ಸಾಮಾನ್ಯ ನಾಗರಿಕನಿಗೂ ಅವಕಾಶವುಂಟು.

ಆ ಬಂಡೆ ಇರುವ ಅಕ್ಷಾಂಶ, ರೇಖಾಂಶಕ್ಕೆ ಅಲ್ಲಿಯ ಮೀನುಗಾರರು ‘ನಂಬರ್’ ಎನ್ನುತ್ತಾರೆ. ಹವ್ಯಾಸಕ್ಕಾಗಿ ಮೀನು ಹಿಡಿಯುವವನ ಬೋಟಿಗಿಂತಲೂ ಬೆಲೆಬಾಳುವುದು ಅವನ ನಂಬರುಗಳ ಪಟ್ಟಿ. ಬೋಟಿಗೆ ಬರುವ ಅತಿಥಿ ಹೇಗೆ ನಡೆದುಕೊಳ್ಳಬೇಕು ಎಂಬ ರಿವಾಜಿನ ತಿರುಳೂ ಇದೇ.

ಈ ಪಟ್ಟಿ ಹಿಂದೆ ಪುಸ್ತಕದಲ್ಲಿರುತ್ತಿತ್ತು. ಲೊರಾನ್-ಸಿ ಎಂಬ ರೇಡಿಯೊ ವ್ಯವಸ್ಥೆಯಲ್ಲಿ ದಡದ ಬೇರೆ ಬೇರೆ ಕೇಂದ್ರಗಳಿಂದ ಹೊರಟ ಸಂಕೇತಗಳು ಬೋಟನ್ನು ಮುಟ್ಟುವ ವೇಳೆಯ ವ್ಯತ್ಯಾಸವನ್ನು ಅಳೆದು, ಆ ಅಂಕಿಗಳನ್ನೇ ಬರೆದಿಡುತ್ತಿದ್ದರು. ಆಮೇಲೆ ಜಿಪಿಎಸ್ ಬಂತು. ಆದರೆ ನಾಗರಿಕರ ಜಿಪಿಎಸ್‌ಗೆ ಅಮೆರಿಕ ಸರ್ಕಾರ ಬೇಕೆಂದೇ ದೋಷ ಬೆರೆಸುತ್ತಿದ್ದುದರಿಂದ ಜಾಗ ನೂರು ಮೀಟರಿನಷ್ಟು ಆಚೀಚೆಯಾಗುತ್ತಿತ್ತು. ಕಡಲ ತಳದಲ್ಲಿ ಒಂದು ಕಾರು ಹುಡುಕುವವನಿಗೆ ನೂರು ಮೀಟರ್ ದೊಡ್ಡ ದೂರ. 2000ದ ಮೇ ತಿಂಗಳಲ್ಲಿ ಆ ದೋಷವನ್ನು ತೆಗೆದುಹಾಕಿದರು. 2010ರ ಫೆಬ್ರುವರಿಯಲ್ಲಿ ಲೊರಾನ್-ಸಿ ಕೇಂದ್ರಗಳು ಮೌನವಾದವು. ಇಂದಿನ ಚಾರ್ಟ್‌ಪ್ಲಾಟರ್ ಪರದೆ ನಕಾಶೆಯ ಮೇಲೆಯೇ ಬೋಟನ್ನು ತೋರಿಸುತ್ತದೆ, ಒಮ್ಮೆ ಗುರುತು ಹಾಕಿದ ಜಾಗಕ್ಕೆ ಕೆಲವೇ ಮೀಟರುಗಳ ಅಂತರದಲ್ಲಿ ಮತ್ತೆ ಕರೆದೊಯ್ಯುತ್ತದೆ.

ಜಾಗ ತಲುಪಿದ ಮೇಲಿನ ಕೆಲಸ, ಶಬ್ದದಿಂದ ಮೀನಿನ ಸುಳಿವು ಹಿಡಿಯುವ ಫಿಶ್‌ಫೈಂಡರಿನದು. 1948ರಲ್ಲಿ ಜಪಾನಿನ ಫುರುನೊ ಸಹೋದರರು ಇದನ್ನು ಮೀನುಗಾರರ ಕೈಗೆ ಕೊಟ್ಟರು. 1957ರಲ್ಲಿ ಅಮೆರಿಕದ ಕಾರ್ಲ್ ಲೊವ್ರನ್ಸ್ ಹವ್ಯಾಸಿಗಳಿಗೆಂದೇ ಸಣ್ಣ ಯಂತ್ರ ತಂದರು. ಬೋಟಿನ ಅಡಿಯಿಂದ ಹೊರಟ ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 30 ಮೀಟರ್ ಆಳಕ್ಕೆ ಹೋಗಿ ಪ್ರತಿಧ್ವನಿಯಾಗಿ ಮರಳಲು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ ಸಾಕು. ಮೀನಿನ ಮೈಯಲ್ಲಿ ಶಬ್ದವನ್ನು ಹೆಚ್ಚಾಗಿ ಹಿಂದಿರುಗಿಸುವುದು ಗಾಳಿಚೀಲ. ಬೋಟು ಮೀನಿನ ಮೇಲೆ ಹಾಯುವಾಗ ನಡುವಿನ ದೂರ ಮೊದಲು ಕಡಿಮೆಯಾಗಿ, ಮತ್ತೆ ಹೆಚ್ಚುವುದರಿಂದ ಪರದೆಯಲ್ಲಿ ಕಮಾನು ಮೂಡುತ್ತದೆ. 200 ಕಿಲೋಹರ್ಟ್ಸ್ ಶಬ್ದ ಕಡಿಮೆ ಆಳದಲ್ಲಿ ಸೂಕ್ಷ್ಮ ವಿವರ ಕೊಟ್ಟರೆ, 50 ಕಿಲೋಹರ್ಟ್ಸ್ ಹೆಚ್ಚು ಆಳಕ್ಕಿಳಿಯುತ್ತದೆ. ಪರದೆಯನ್ನು ಓದುವುದು ವರ್ಷಗಳ ಅಭ್ಯಾಸ. ಕ್ಯಾಪ್ಟನ್ ಅದನ್ನು ದಿಟ್ಟಿಸುತ್ತಿರುವಾಗ ಪಕ್ಕದಲ್ಲಿ ನಿಂತು ಗುಂಡಿ ಒತ್ತಿ ನೋಡುವ ಅತಿಥಿಯನ್ನು ಯಾರೂ ಎರಡನೆಯ ಸಲ ಕರೆಯುವುದಿಲ್ಲ.

ಕರೆಸಿಕೊಂಡವನು ನಂಬರ್ ಕದಿಯುವುದಂತೂ ಅಲ್ಲಿ ಕ್ಷಮೆಯಿಲ್ಲದ ತಪ್ಪು. ಮೊಬೈಲ್ ಟವರ್ ಇಲ್ಲದ ಕಡೆಯೂ ಜೇಬಿನ ಫೋನು ಜಾಗ ಗುರುತಿಸಬಲ್ಲದು. ಮೀನು ಎತ್ತಿ ಹಿಡಿದು ತೆಗೆಸಿಕೊಂಡ ಫೋಟೊದಲ್ಲಿ ಹಿಂದಿನ ಪರದೆಯ ಅಂಕಿ ಓದಲು ಸಿಗಬಹುದು. ಫೋಟೊದ ಒಳಗೇ ಜಾಗದ ವಿವರ ಅಡಗಿರಬಹುದು. ಹಣ ಸುರಿದು, ಎಷ್ಟೋ ದಿನ ಅಲೆದು ಒಬ್ಬ ಮಾಡಿಕೊಂಡ ನೆಲೆಗೆ ಮುಂದಿನ ವಾರ ಇನ್ನೊಬ್ಬ ಬೋಟು ತಂದು ಗಾಳ ಇಳಿಸಿದರೆ, ಅದು ಉಂಡ ಮನೆಗೆ ಬಗೆದ ದ್ರೋಹವೇ. ಫೋಟೊ ತೆಗೆಯುವ ಮೊದಲು ಕೇಳಿ, ಫೋಟೊದಿಂದ ಜಾಗದ ವಿವರ ಅಳಿಸಿ. ದಡಕ್ಕೆ ಬಂದ ಮೇಲೆ ‘ಎಲ್ಲಿ ಸಿಕ್ಕಿತು’ ಎಂದವರಿಗೆ ‘ಕೊಲ್ಲಿಯಲ್ಲಿ’ ಎನ್ನಿ, ಸಾಕು.

ಹಾಗಂತ ಅತಿಥಿ ಯಂತ್ರಗಳಿಂದ ಪೂರ್ತಿ ದೂರ ಉಳಿಯಬಾರದು. ನೀರಿಗೆ ಬೀಳುವವನು ಕ್ಯಾಪ್ಟನ್ನೇ ಆಗಿದ್ದರೆ? ಪ್ಲಾಟರಿನಲ್ಲಿ ಎಂಓಬಿ (ಮ್ಯಾನ್ ಓವರ್‌ಬೋರ್ಡ್) ಎಂಬ ಗುಂಡಿಯುಂಟು. ಒತ್ತಿದರೆ ಆ ಕ್ಷಣದ ಜಾಗ ದಾಖಲಾಗಿ, ಅಲ್ಲಿಗೆ ಮರಳುವ ದಾರಿ ತೋರಿಸುತ್ತದೆ. ವಿಎಚ್‌ಎಫ್ ರೇಡಿಯೊದಲ್ಲಿ ಮುಚ್ಚಳದಡಿ ಕೆಂಪು ಗುಂಡಿ ಇರುತ್ತದೆ. ಒತ್ತಿ ಹಿಡಿದರೆ ಬೋಟಿನ ಒಂಬತ್ತು ಅಂಕಿಯ ಗುರುತು, ಜಿಪಿಎಸ್ ಜೋಡಿಸಿದ್ದರೆ ಜಾಗದ ಸಮೇತ, ಅಪಾಯದ ಕರೆಯಾಗಿ ಹೋಗುತ್ತದೆ. ಬಾಯಲ್ಲಿ ಕೂಗಿ ಹೇಳಲು 16ನೇ ಚಾನೆಲ್. 26 ಅಡಿಗಿಂತ ಚಿಕ್ಕ ಬೋಟು ನಡೆಸುವವನು ಎಂಜಿನ್ ನಿಲ್ಲಿಸುವ ಹಗ್ಗವನ್ನು ಮೈಗೆ ಸಿಕ್ಕಿಸಿಕೊಳ್ಳಬೇಕೆಂದು 2021ರ ಏಪ್ರಿಲ್‌ನಿಂದ ಅಲ್ಲಿ ಕಾನೂನೂ ಇದೆ. ಲಂಗರು ಬಿಚ್ಚುವ ಮೊದಲು ಇಷ್ಟನ್ನು ತೋರಿಸಲು ಕೇಳುವ ಅತಿಥಿಯನ್ನು ಒಳ್ಳೆಯ ಕ್ಯಾಪ್ಟನ್ ಮೆಚ್ಚುತ್ತಾನೆ.

ಉಳಿದ ನಡವಳಿಕೆ ಸರಳ. ಕಪ್ಪು ಅಡಿಯ ಬೂಟು ಬಿಳಿ ಡೆಕ್ಕಿನ ಮೇಲೆ ಗೀರು ಬಿಡುತ್ತದೆ, ಸನ್‌ಸ್ಕ್ರೀನ್ ಸ್ಪ್ರೇ ಜಾರುಪದರ ಬಿಡುತ್ತದೆ. ಬಾಳೆಹಣ್ಣು ಮಾತ್ರ ಬೇಡವೇ ಬೇಡ: ಬೋಟಿನಲ್ಲಿ ಬಾಳೆಹಣ್ಣಿದ್ದರೆ ಮೀನು ಸಿಗದೆಂಬ ನಂಬಿಕೆ ಅಲ್ಲಿ ಗಟ್ಟಿಯಾಗಿದೆ, ವಾದಿಸಿ ಫಲವಿಲ್ಲ. ಬಾಡಿಗೆಗೆ ಕರೆದೊಯ್ಯುವ ಚಾರ್ಟರ್ ಬೋಟಿನಲ್ಲಿ ಗಿರಾಕಿಗಳ ಮೀನು ಹಿಡಿಯುವ ಪರವಾನಗಿ ಬೋಟಿನ ಲೆಕ್ಕಕ್ಕೆ ಸೇರುತ್ತದೆ. ಗೆಳೆಯನ ಬೋಟಾದರೆ ನಿಮ್ಮ ಪರವಾನಗಿ ನಿಮಗೆ. ಇಂಧನದ ಪಾಲು ಮನಸ್ಸಾರೆ ಕೊಡಿ. ಮಾಲೀಕ ಅದನ್ನೇ ಷರತ್ತು ಮಾಡಿದರೆ ಕಾನೂನಿನ ಕಣ್ಣಲ್ಲಿ ನೀವು ಬಾಡಿಗೆ ಪ್ರಯಾಣಿಕರಾಗುತ್ತೀರಿ, ಅವನಿಗೆ ಕೋಸ್ಟ್ ಗಾರ್ಡಿನ ಲೈಸೆನ್ಸ್ ಬೇಕಾಗುತ್ತದೆ. ಮರಳಿ ಬಂದ ಮೇಲೆ ಬೋಟು ತೊಳೆದು, ಮೀನು ಹೆಚ್ಚಿ ಮುಗಿಯುವವರೆಗೂ ಜತೆಗಿರಬೇಕು. ಎಷ್ಟೋ ಅತಿಥಿಗಳು ಸೋಲುವುದು ಇಲ್ಲೇ.

ನಮ್ಮ ಮಲ್ಪೆ, ಮಂಗಳೂರು ಬಂದರಿನಲ್ಲಿ ಬೋಟು ನಡೆಸುವ ತಂಡೇಲರ ಮುಂದೆಯೂ ಜಿಪಿಎಸ್, ಫಿಶ್‌ಫೈಂಡರ್, ವಿಎಚ್‌ಎಫ್ ಇವೆ. ಮೀನು ಸಿಗಬಹುದಾದ ವಲಯಗಳನ್ನು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕನ್ನಡದಲ್ಲೂ ತಿಳಿಸುತ್ತದೆ. ಆದರೆ ಇಲ್ಲಿ ಮೀನು ಹಿಡಿಯುವುದು ಹವ್ಯಾಸವಲ್ಲ, ಹೊಟ್ಟೆಪಾಡು.

ಅಮೆರಿಕದಲ್ಲಿರುವ ಮಗನ ಮನೆಗೋ ತಮ್ಮನ ಮನೆಗೋ ಹೋದಾಗ ಯಾರಾದರೂ ಬೋಟಿಗೆ ಕರೆದರೆ ಖಂಡಿತ ಹೋಗಿ. ಸಾಗುತ್ತಿರುವ ಬೋಟಿನ ಡೆಕ್ಕಿನಲ್ಲಿ ಲೈಫ್ ಜಾಕೆಟ್ ತೊಟ್ಟೇ ಇರಬೇಕೆಂದು ಅಲ್ಲಿಯ ಕೇಂದ್ರ ಕಾನೂನು ಹೇಳುವುದು 13 ವರ್ಷದೊಳಗಿನ ಮಕ್ಕಳಿಗೆ ಮಾತ್ರ. ದೊಡ್ಡವರು ಕಾನೂನಿಗಾಗಿ ಕಾಯದೆ ತೊಟ್ಟುಕೊಳ್ಳಿ.